ಬೀರು ಮೇಲೆ ಮಲಗಿದ ಕೀಬೋರ್ಡ್: ಮಕ್ಕಳಿಗೆ ಕೊಡಿಸುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಪತ್ರಿಕೆಗೆ ಸುದ್ದಿ ಕಳಿಸುವವರು ಅಂದರೆ ಸಾಕು, ನಮ್ಮ ಕಡೆ ಜನ ಎಲ್ಲವನ್ನೂ ಕೇಳುತ್ತಾರೆ. ಪಹಣಿ ತಿದ್ದುಪಡಿಗೆ ಯಾರನ್ನು ನೋಡಬೇಕು, ಕೋಲಾರ ಮಂಡಿಯಲ್ಲಿ ಟೊಮೆಟೊ ಇವತ್ತೆಷ್ಟು, ಬಸ್ ಪಾಸಿಗೆ ಕೊನೇ ದಿನ ಯಾವತ್ತು. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ಸಾರ್, ಮಗೂಗೆ ಕೀಬೋರ್ಡ್ ಕೊಡಿಸ್ಬೇಕು, ಯಾವ್ದು ತಗೊಳ್ಳೋದು?” ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಿಂದ ಕೇಳುತ್ತಾರೆ. ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ದಾರಿಯ ಹಳ್ಳಿಗಳಿಂದಲೂ ಕೇಳುತ್ತಾರೆ.

ನಾವು ತಕ್ಷಣ ಮಾಡೆಲ್ ಹೆಸರು ಹೇಳುವುದಿಲ್ಲ. ಮೂರು ಪ್ರಶ್ನೆ ತಿರುಗಿ ಕೇಳುತ್ತೇವೆ. ನುಡಿಸುವವರು ಯಾರು? ಎಲ್ಲಿ ನುಡಿಸುತ್ತಾರೆ? ಹೇಳಿಕೊಡುವವರು ಯಾರು? ಮೊದಲ ಎರಡಕ್ಕೆ ಉತ್ತರ ಸಲೀಸಾಗಿ ಬರುತ್ತದೆ. ಮೂರನೆಯದಕ್ಕೆ ಹೆಚ್ಚಿನವರು “ಯೂಟ್ಯೂಬ್ ಇದೆಯಲ್ಲ ಸಾರ್” ಅನ್ನುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಈ ಸೀಮೆಯಲ್ಲಿ ಕೀಬೋರ್ಡಿಗೆ ಬರವಿಲ್ಲ. ತಪ್ಪು ಕೀಬೋರ್ಡ್ ಕೊಂಡು, ಆರು ತಿಂಗಳಿಗೆ ಅದನ್ನು ಬಟ್ಟೆ ಸುತ್ತಿ ಬೀರು ಮೇಲೆ ಮಲಗಿಸಿದ ಮನೆಗಳು ಬೇಕಾದಷ್ಟಿವೆ. ಅದಕ್ಕೆ ಹಾಕಿದ್ದು ಹಾಲಿನ ಬಟವಾಡೆ ದುಡ್ಡು, ಇಲ್ಲವೇ ಸಂಘದ ಸಾಲ. ಕಂತು ಮುಗಿಯುವ ಮೊದಲೇ ಮಗುವಿನ ಆಸೆ ಮುಗಿದಿರುತ್ತದೆ. ಆಮೇಲೆ “ಇವನಿಗೆ ಸಂಗೀತ ಹತ್ತಲಿಲ್ಲ” ಅಂತ ಮನೆಯವರೆಲ್ಲ ಸೇರಿ ತೀರ್ಪು ಕೊಡುತ್ತಾರೆ. ಹತ್ತದೆ ಇದ್ದದ್ದು ಮಗುವಿಗಲ್ಲ, ಪೆಟ್ಟಿಗೆಯೇ ಕಲಿಯುವುದಕ್ಕೆ ತಕ್ಕದ್ದಾಗಿರಲಿಲ್ಲ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಬೇರೆ ಊರಲ್ಲಾಗಿದ್ದರೆ ಇದನ್ನು ಹವ್ಯಾಸದ ಮಾತು ಅಂತ ಬಿಡಬಹುದಿತ್ತು. ಕೆಜಿಎಫ್‌ನಲ್ಲಿ ಬಿಡಲಾಗದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗೆ ಕೈ ಹಾಕಿದ ಮೇಲೆ ತಮಿಳರು, ತೆಲುಗರು, ಕನ್ನಡದವರು, ಆಂಗ್ಲೋ ಇಂಡಿಯನ್ನರು ಎಲ್ಲ ಒಂದೇ ಕಡೆ ಬಂದು ನೆಲೆಸಿದರು. 1902ಕ್ಕೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋಯಿತು, ಹಾಡು ಹೋಗಲಿಲ್ಲ. ಚರ್ಚುಗಳ ಕಾಯಿರ್ ಉಳಿಯಿತು, ಮಾರಿಯಮ್ಮನ ಹಬ್ಬದ ಆರ್ಕೆಸ್ಟ್ರಾ ಉಳಿಯಿತು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗರಲ್ಲಿ, ವಾರದ ಕೊನೆಗೆ ಮದುವೆ ರಿಸೆಪ್ಷನ್ನಿನಲ್ಲಿ ಕೀಬೋರ್ಡ್ ನುಡಿಸಿ ನಾಲ್ಕು ಕಾಸು ಮಾಡುವವರೂ ಇದ್ದಾರೆ. ಅವರಿಗೆ ಇದು ಹೊಟ್ಟೆಪಾಡು.

ಕ್ಯಾಸಿಯೊ ಅಂದರೆ ಎಲ್ಲವೂ ಕ್ಯಾಸಿಯೊ ಅಲ್ಲ

ನಮ್ಮ ಕಡೆ ಯಾವ ಕಂಪನಿಯದಾದರೂ ಅದು “ಕ್ಯಾಸಿಯೊ”ನೇ. ಲೆಕ್ಕ ಹಾಕುವ ಯಂತ್ರ ಮಾಡುತ್ತಿದ್ದ ಆ ಜಪಾನ್ ಕಂಪನಿ 1980ರಲ್ಲಿ ಕ್ಯಾಸಿಯೊಟೋನ್ 201 ಅನ್ನುವ ಕೀಬೋರ್ಡ್ ಬಿಟ್ಟಿತು. ಹೆಸರು ನಮ್ಮಲ್ಲಿ ವಾದ್ಯಕ್ಕೇ ಅಂಟಿಕೊಂಡಿತು. ಮಾತಾಡುವಾಗ ತೊಂದರೆಯಿಲ್ಲ, ಅಂಗಡಿಯಲ್ಲಿ ದುಡ್ಡು ಎಣಿಸುವಾಗ ತೊಂದರೆ. ಒಂದೇ ರೀತಿ ಕಾಣುವ ಈ ಪೆಟ್ಟಿಗೆಗಳಲ್ಲಿ ಕಡಿಮೆಯೆಂದರೂ ಮೂರು ಜಾತಿ ಇವೆ.

ಮೊದಲನೆಯದು ಮನೆ ಕೀಬೋರ್ಡ್, ಅಂಗಡಿಯವರ ಮಾತಲ್ಲಿ ಅರೇಂಜರ್. ಸ್ಪೀಕರ್ ಒಳಗೇ ಇರುತ್ತದೆ. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಡ್ರಮ್ಮು, ಬೇಸು ಎಲ್ಲ ಅದೇ ಬಾರಿಸುತ್ತದೆ. ಎರಡನೆಯದು ಸಿಂಥಸೈಜರ್. ದನಿಯನ್ನು ತಿದ್ದಿ ತೀಡಿ ಬೇಕಾದ ಹಾಗೆ ಮಾಡಿಕೊಳ್ಳುವ ಯಂತ್ರ ಅದು. ಹೆಚ್ಚಿನವುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಹಳೆಯದೊಂದನ್ನು ಅಗ್ಗಕ್ಕೆ ಕೊಂಡು, ಮನೆಗೆ ತಂದು ಸ್ವಿಚ್ ಹಾಕಿ, ಸದ್ದೇ ಬರದೆ ಮೋಸಹೋದೆವು ಅಂತ ಗಾಬರಿಯಾದವರಿದ್ದಾರೆ. ಮೂರನೆಯದು ಡಿಜಿಟಲ್ ಪಿಯಾನೊ. 88 ಕೀ, ಪಿಯಾನೊ ಮನೆಗಳ ಹಾಗೆಯೇ ಒತ್ತಲು ಭಾರ. ಯಮಹಾ ಪಿ-45 ಅನ್ನುವ ಮಾಡೆಲ್ಲೇ ಹನ್ನೊಂದು ಕಿಲೋ ದಾಟುತ್ತದೆ, ಉದ್ದ ನಾಲ್ಕು ಅಡಿಗೂ ಮೇಲೆ. ಗಣಿಯ ಲೈನ್ ಮನೆಗಳಲ್ಲಿ ಅದನ್ನು ಇಟ್ಟರೆ ಮನುಷ್ಯರು ಹೊರಗೆ ಮಲಗಬೇಕಾದೀತು.

ಮೊದಲ ಸಲ ಕಲಿಯುವವರಿಗೆ

ಹೆಚ್ಚು ದುಡ್ಡು ಹಾಳಾಗುವುದು ಈ ಹಂತದಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊಬೈಲಿನಲ್ಲಿ ಎರಡು ಮೂರು ಸಾವಿರಕ್ಕೆ ಮೈಕ್ ಸಮೇತ ಬರುವ ಹೆಸರಿಲ್ಲದ ಕೀಬೋರ್ಡುಗಳು ಕಾಣುತ್ತವೆ. ಕೀ ಸಣ್ಣದು, ಒತ್ತಿದರೆ ಟಕಟಕ ಅನ್ನುತ್ತದೆ. ಅದು ಆಟದ ಸಾಮಾನು. ಐದು ವರ್ಷದ ಮಗುವಿಗೆ ಹುಟ್ಟುಹಬ್ಬಕ್ಕೆ ಕೊಡಿ, ಬೇಡ ಅನ್ನುವುದಿಲ್ಲ, ಆದರೆ ಕಲಿಯುವುದಕ್ಕೆ ಅಂತ ಕೊಡಬೇಡಿ. ಒಳ್ಳೆಯ ಕಂಪನಿಗಳೂ ಇಂಥ ಚಿಕ್ಕ ಕೀಗಳದ್ದನ್ನು ಮಾಡುತ್ತವೆ. ಕ್ಯಾಸಿಯೊದ ಎಸ್‌ಎ ಸರಣಿ ಹಾಗಿನದು. ಅದರ ಮೇಲೆ ಕಲಿತ ಬೆರಳಿಗೆ ದೊಡ್ಡ ಕೀಬೋರ್ಡಿನ ಅಗಲ ಮತ್ತೆ ಹೊಸದಾಗಿ ಅಭ್ಯಾಸವಾಗಬೇಕು.

ಕಲಿಯಲು ಬೇಕಾದ್ದು ಪೂರ್ತಿ ಅಗಲದ 61 ಕೀ. ಅಂದರೆ ಐದು ಸ್ಥಾಯಿ. ಭಜನೆ ಹಾರ್ಮೋನಿಯಂನಲ್ಲಿ ಇರುವುದು ಮೂರು ಮೂರೂವರೆ ಸ್ಥಾಯಿ, ಅದರ ಎದುರು ಐದು ಧಾರಾಳ. 88 ಕೀ ಬೇಕಾಗುವುದು ಪಿಯಾನೊವನ್ನೇ ಕಲಿಯುತ್ತೇನೆ ಅಂತ ಹೊರಟವರಿಗೆ ಮಾತ್ರ.

61 ಕೀ ಇದ್ದರೂ ಸಾಲದು. ಇನ್ನೊಂದು ಗುಣ ನೋಡಬೇಕು, ಅದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಅದರ ಹೆಸರು ಟಚ್ ರೆಸ್ಪಾನ್ಸ್. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು ದನಿ. ತಮಟೆ ಬಾರಿಸುವವರಿಗೆ, ಮೃದಂಗ ನುಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಯ ಒತ್ತು ಕೇಳದ ವಾದ್ಯ ಇದ್ದರೆಷ್ಟು, ಬಿಟ್ಟರೆಷ್ಟು? ಆದರೆ ಅಗ್ಗದ ಕೀಬೋರ್ಡುಗಳಲ್ಲಿ ಈ ಗುಣ ಇರುವುದಿಲ್ಲ. ಎಷ್ಟು ನಯವಾಗಿ ಮುಟ್ಟಿದರೂ, ಗುದ್ದಿದರೂ ಒಂದೇ ದನಿ. ಯಮಹಾದ ಪಿಎಸ್‌ಆರ್-ಎಫ್51, ಕ್ಯಾಸಿಯೊದ ಸಿಟಿ-ಎಸ್200, ಎರಡೂ ಹೆಸರಾದ ಕಂಪನಿಯವೇ, ಕೆಟ್ಟ ಸಾಮಾನಲ್ಲ, ಆದರೆ ಎರಡರಲ್ಲೂ ಟಚ್ ಇಲ್ಲ. ಅದರ ಮೇಲೆ ಎರಡು ವರ್ಷ ಕಲಿತ ಹುಡುಗಿಯನ್ನು ಚರ್ಚಿನ ದೊಡ್ಡ ಕೀಬೋರ್ಡಿನ ಮುಂದೆ ಕೂರಿಸಿದರೆ ಕೈ ಮೊಂಡಾಗಿರುತ್ತದೆ. ಪ್ರತಿ ಸ್ವರವೂ ಒಂದೇ ತೂಕಕ್ಕೆ ಬೀಳುತ್ತದೆ. ಅದನ್ನು ತಿದ್ದಲು ಮೇಷ್ಟ್ರಿಗೆ ಇನ್ನೊಂದು ವರ್ಷ.

ಅದರ ಅಣ್ಣ ಸಿಟಿ-ಎಸ್300ರಲ್ಲಿ ಟಚ್ ಇದೆ, ದನಿಯನ್ನು ಜಾರಿಸುವ ಚಕ್ರವೂ ಇದೆ. ಯಮಹಾ ಪಿಎಸ್‌ಆರ್-ಇ373ರಲ್ಲಿ ಟಚ್ ಇದೆ, ಚಕ್ರ ಇಲ್ಲ. ಟಚ್ ಇಲ್ಲದ್ದು ಸುಮಾರು 8–10 ಸಾವಿರದ ಆಸುಪಾಸು ಸಿಕ್ಕರೆ, ಟಚ್ ಇರುವುದಕ್ಕೆ ಇನ್ನೂ ಕೆಲವು ಸಾವಿರ ಸೇರಿಸಬೇಕು. ಅಂಗಡಿ, ಹಬ್ಬದ ಆಫರ್ ನೋಡಿಕೊಂಡು ರೇಟು ಹೆಚ್ಚು ಕಡಿಮೆ ಆಗುತ್ತದೆ. ದುಡ್ಡು ಸಾಲದಿದ್ದರೆ ಟಚ್ ಇಲ್ಲದ ಹೊಸದಕ್ಕಿಂತ ಟಚ್ ಇರುವ ಹಳೆಯದು ಮೇಲು ಅನ್ನುವುದು ನಮ್ಮ ಮಾತು. ಇದಕ್ಕೆ ಒಪ್ಪದ ಮೇಷ್ಟ್ರುಗಳೂ ಇದ್ದಾರೆ. “ಮೊದಲು ಸರಿಗಮ ನೆಟ್ಟಗೆ ಬರಲಿ, ಟಚ್ ಆಮೇಲೆ” ಅನ್ನುತ್ತಾರೆ. ಎರಡನೇ ಕೀಬೋರ್ಡ್ ಕೊಳ್ಳುವ ಶಕ್ತಿ ಇರುವ ಮನೆಗೆ ಅವರ ಮಾತು ಸರಿ. ಒಂದೇ ಸಲ ಕೊಳ್ಳಬಲ್ಲ ಮನೆಗೆ ಅದು ನಡೆಯುವುದಿಲ್ಲ.

ಅಂಗಡಿಯಲ್ಲಿ ಇನ್ನೊಂದು ಆಟ ನಡೆಯುತ್ತದೆ. ಡೆಮೊ ಬಟನ್ ಒತ್ತುತ್ತಾರೆ. ಪೆಟ್ಟಿಗೆ ತಾನೇ ಒಂದು ಭರ್ಜರಿ ಹಾಡು ನುಡಿಸುತ್ತದೆ, ಅಪ್ಪ ಅಮ್ಮ ಬೆರಗಾಗುತ್ತಾರೆ. ಆಮೇಲೆ “ಇದರಲ್ಲಿ 400 ಟೋನ್, ಅದರಲ್ಲಿ 600 ಟೋನ್” ಅಂತ ಲೆಕ್ಕ ಶುರು. ಟೋನ್ ಸಂಖ್ಯೆ ನೋಡಿ ಕೀಬೋರ್ಡ್ ಕೊಳ್ಳುವುದು ಗುಂಡಿ ಎಣಿಸಿ ಅಂಗಿ ಕೊಂಡ ಹಾಗೆ. ಕಲಿಯುವ ಮಗು ಬಳಸುವುದು ಪಿಯಾನೊ, ಆರ್ಗನ್, ವಯಲಿನ್, ಕೊಳಲು, ಹಾರ್ಮೋನಿಯಂ, ಹೆಚ್ಚೆಂದರೆ ಹತ್ತು ದನಿ. ಡೆಮೊ ನಿಲ್ಲಿಸಿ ಅನ್ನಿ. ಪಿಯಾನೊ ದನಿ ಹಾಕಿಸಿ, ಒಂದೇ ಕೀಯನ್ನು ಮೆಲ್ಲಗೊಮ್ಮೆ, ಗಟ್ಟಿಯಾಗೊಮ್ಮೆ ನೀವೇ ಒತ್ತಿ. ವ್ಯತ್ಯಾಸ ಕಿವಿಗೆ ಬಿತ್ತೋ, ಟಚ್ ಇದೆ. ಇದಕ್ಕೆ ಸಂಗೀತ ಬರಬೇಕಾಗಿಲ್ಲ.

ಹೆಡ್‌ಫೋನ್ ಕಿಂಡಿ ಇದೆಯಾ ಅಂತಲೂ ನೋಡಿ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ, ಪಕ್ಕದವರು ನೈಟ್ ಶಿಫ್ಟ್ ಮುಗಿಸಿ ಮಲಗಿರುವಾಗ, ಮಗು ಒಂದೇ ಸಾಲನ್ನು ನಲವತ್ತು ಸಲ ನುಡಿಸಬೇಕಲ್ಲ. ಮನೆಯವರ ತಾಳ್ಮೆಗೂ ಅದು ಒಳ್ಳೆಯದು.

ಮೇಷ್ಟ್ರು ಮೊದಲು, ಪೆಟ್ಟಿಗೆ ಆಮೇಲೆ

ಮೂರನೇ ಪ್ರಶ್ನೆಗೆ ಬರೋಣ. ಯೂಟ್ಯೂಬ್ ನೋಡಿ ಹಾಡಿನ ಕೀ ಒತ್ತುವುದು ಕಲಿಯಬಹುದು. ಯಾವ ಬೆರಳು ಯಾವ ಕೀ ಮೇಲೆ ಅನ್ನುವುದು ತಪ್ಪಿದ್ದರೆ ಯೂಟ್ಯೂಬ್ ಬೈಯುವುದಿಲ್ಲ. ಎರಡು ಬೆರಳಲ್ಲಿ ಟೈಪ್ ಮಾಡುವವರ ಹಾಗೆ ಎರಡು ಬೆರಳಲ್ಲೇ ಸಿನಿಮಾ ಹಾಡು ನುಡಿಸುವ ಹುಡುಗರನ್ನು ನೀವೂ ನೋಡಿದ್ದೀರಿ. ವೇಗದ ಹಾಡು ಬಂತೆಂದರೆ ಅಲ್ಲಿಗೇ ನಿಲ್ಲುತ್ತಾರೆ.

ಕೆಜಿಎಫ್‌ನಲ್ಲಿ ಈ ವಿಷಯಕ್ಕೆ ಒಂದು ಅನುಕೂಲ ಇದೆ. ಕಾಯಿರ್‌ಗಳಲ್ಲಿ ನುಡಿಸಿ ಪಳಗಿದವರು ಊರಲ್ಲಿದ್ದಾರೆ, ಸಂಜೆ ಹೊತ್ತು ಮನೆಯಲ್ಲೇ ಹೇಳಿಕೊಡುವವರಿದ್ದಾರೆ. ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳಿಗೆ ಆ ಅನುಕೂಲ ಇಲ್ಲ, ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಸಂಗೀತ ಮೇಷ್ಟ್ರು ಅಪರೂಪ. ಹಾಗಾಗಿ ಹಳ್ಳಿಯವರು ಮೊದಲು ಮೇಷ್ಟ್ರನ್ನು ಹುಡುಕಿ, ಒಂದು ತಿಂಗಳು ಅವರ ಕೀಬೋರ್ಡಿನಲ್ಲೇ ಕಲಿಸಿ ಅನ್ನಿ, ಆಮೇಲೆ ಅವರನ್ನೇ ಕರೆದುಕೊಂಡು ಅಂಗಡಿಗೆ ಹೋಗಿ. ಅವರ ರೈಲು ಚಾರ್ಜು, ಒಂದು ಊಟ ನಿಮ್ಮ ಲೆಕ್ಕದಲ್ಲಿರಲಿ. ಹತ್ತು ಸಾವಿರದ ತಪ್ಪು ಉಳಿದೀತು.

ಪರೀಕ್ಷೆ ಕಟ್ಟಿಸುವ ಆಸೆ ಇದ್ದವರು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ. ಪಠ್ಯವೂ ಬೇರೆ, ನುಡಿಸುವ ಬಗೆಯೂ ಬೇರೆ. ಮಗ ಯಾವುದಕ್ಕೆ ಕಟ್ಟುತ್ತಾನೆ ಅನ್ನುವುದು ಗೊತ್ತಾಗದೆ ಪೆಟ್ಟಿಗೆ ಕೊಂಡರೆ, ಪಿಯಾನೊ ಪಾಠಕ್ಕೆ ಕೀಬೋರ್ಡ್ ಹೊತ್ತುಕೊಂಡು ಹೋಗುವ ಪ್ರಸಂಗ ಬರುತ್ತದೆ.

ಭಜನೆ, ಡ್ರಾಮಾ ಮನೆಗೆ ಕೀಬೋರ್ಡ್ ಬೇಕಾ?

ಇಲ್ಲಿ ನಮ್ಮ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಊರಿನ ಭಜನೆ ಮಂಡಳಿಗೆ ದಾನಿಗಳು ಯಾರಾದರೂ ಇಪ್ಪತ್ತು ಸಾವಿರ ಕೊಟ್ಟರೆ, ಮೊದಲು ಬರುವ ಯೋಚನೆ ಕೀಬೋರ್ಡ್. ಹಳೇ ಹಾರ್ಮೋನಿಯಂ ಮೂಲೆಗೆ. ನಾವು ಹೇಳುವುದು, ಆ ದುಡ್ಡಲ್ಲಿ ಹಾರ್ಮೋನಿಯಂ ರಿಪೇರಿ ಮಾಡಿಸಿ. ಕರೆಂಟ್ ಹೋದರೂ ನಿಲ್ಲದ ವಾದ್ಯ ಅದು. ಹಾಡುವವರ ಉಸಿರು ಎಳೆದಂತೆ ಎಳೆಯುತ್ತದೆ. ಕೈವಾರ ತಾತಯ್ಯನವರ ತತ್ವಪದ ಹಾಡುವಾಗ ಹಾಡುಗಾರ ಒಂದು ಕಡೆ ನಿಂತು, ಮಾತು ಹೇಳಿ, ಮತ್ತೆ ಎತ್ತಿಕೊಳ್ಳುತ್ತಾನೆ. ಕೀಬೋರ್ಡಿನ ಆಟೊ ರಿದಮ್ ಅವನಿಗಾಗಿ ಕಾಯುವುದಿಲ್ಲ. ಹಾಡುವವನೇ ಪೆಟ್ಟಿಗೆಯ ಹಿಂದೆ ಓಡಬೇಕು. ಇನ್ನು ರಿದಮ್ ಬಟನ್ ಒತ್ತಿದ ಕೂಡಲೇ ತಬಲಾದವನಿಗೂ ತಮಟೆಯವನಿಗೂ ಕೆಲಸವಿಲ್ಲ. ಊರಲ್ಲಿ ತಲೆಮಾರಿನಿಂದ ಬಂದ ಕೈಯನ್ನು ಬದಿಗೆ ಕೂರಿಸಿ ಬಟನ್‌ಗೆ ಹೂವಿನ ಹಾರ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ ಅಲ್ಲವಾ ಅಂತ ಕೇಳುವಿರಿ. ಹೌದು. ನಮ್ಮ ಸಂಗೀತದ ಗಮಕ ಅದರಲ್ಲಿ ಬರುವುದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. 1971ರ ತನಕ ಸಡಿಲವಾಗಲಿಲ್ಲ. ಕೀಬೋರ್ಡಿಗೂ ಅದೇ ಕೊರತೆ ಇದೆ. ಎರಡು ಸ್ವರದ ನಡುವಿನ ಜಾಗ ಅದರಲ್ಲಿಲ್ಲ. ಆದರೆ ಹಾರ್ಮೋನಿಯಂಗೆ ಇಲ್ಲದ ಒಂದು ಉಪಾಯ ಕೀಬೋರ್ಡಿಗಿದೆ. ಎಡಗಡೆ ಇರುವ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಚೆನ್ನೈನ ಕೀಬೋರ್ಡ್ ಸತ್ಯನಾರಾಯಣನ್ ಅವರು ಬಲಗೈಯಲ್ಲಿ ಸ್ವರ, ಎಡಗೈಯಲ್ಲಿ ಚಕ್ರ ಹಿಡಿದು ಕರ್ನಾಟಕ ಸಂಗೀತದ ಪೂರ್ತಿ ಕಚೇರಿಯನ್ನೇ ನಡೆಸುತ್ತಾರೆ. ಮೊಬೈಲಿನಲ್ಲಿ ಹುಡುಕಿ ಕೇಳಿ. ಮಗಳು ಕರ್ನಾಟಕ ಸಂಗೀತದ ಕೀರ್ತನೆಗಳನ್ನು ಕೀಬೋರ್ಡಿನಲ್ಲಿ ನುಡಿಸುತ್ತಾಳೆ ಅನ್ನುವುದಾದರೆ ಚಕ್ರ ಇಲ್ಲದ ಪೆಟ್ಟಿಗೆ ಕೊಳ್ಳಲೇಬೇಡಿ.

ಡ್ರಾಮಾ ಮೇಷ್ಟ್ರ ವಿಷಯ ಸ್ವಲ್ಪ ಬೇರೆ. ಕುರುಕ್ಷೇತ್ರ ನಾಟಕ ಆಡಿಸುವಾಗ ಭೀಮನಿಗೆ ಒಂದು ಶ್ರುತಿ, ಕೃಷ್ಣನಿಗೆ ಒಂದು. ಹಳ್ಳಿ ಮೇಷ್ಟ್ರು “ಒಂದು ಮನೆ, ನಾಲ್ಕೂವರೆ ಮನೆ” ಅಂದರೆ ಕೆಜಿಎಫ್ ಆರ್ಕೆಸ್ಟ್ರಾದವರು ತಮಿಳಲ್ಲಿ “ಕಟ್ಟೈ” ಅನ್ನುತ್ತಾರೆ. ಎರಡೂ ಒಂದೇ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಬೆರಳು ಅದೇ ಜಾಗದಲ್ಲಿದ್ದು ಶ್ರುತಿ ಮಾತ್ರ ಬದಲಾಗುತ್ತದೆ. ರಾತ್ರಿಯಿಡೀ ನುಡಿಸುವ ಮೇಷ್ಟ್ರಿಗೆ ಅದು ದೊಡ್ಡ ಅನುಕೂಲ, ಯುದ್ಧದ ಸೀನಿಗೆ ಒಂದಷ್ಟು ಅಬ್ಬರದ ದನಿಯೂ ಸಿಗುತ್ತದೆ. ಕಲಿಯುವ ಮಕ್ಕಳು ಮಾತ್ರ ಆ ಬಟನ್ ಕಡೆ ಕೈ ಹಾಕಬಾರದು. ಒಂದೇ ಮನೆಯಲ್ಲಿ ಕೈ ಕೂತುಬಿಟ್ಟರೆ ಬೇರೆ ಶ್ರುತಿಯಲ್ಲಿ ಬೆರಳು ಓಡುವುದೇ ಇಲ್ಲ.

ಎರಡು ಮೂರು ವರ್ಷ ಕಲಿತವರಿಗೆ, ಕಾಯಿರ್‌ಗೆ ಕೂರುವವರಿಗೆ ನಮ್ಮ ದೇಶಕ್ಕೆಂದೇ ಮಾಡಿದ ಮಾಡೆಲ್‌ಗಳಿವೆ. ಯಮಹಾದ ಪಿಎಸ್‌ಆರ್-ಐ500, ಕ್ಯಾಸಿಯೊದ ಸಿಟಿ-ಎಕ್ಸ್870ಐಎನ್ ಅಂಥವು. ತಬಲಾ, ತಂಬೂರಿ, ನಮ್ಮ ತಾಳಗಳು ಒಳಗೇ ಬರುತ್ತವೆ. ಈ ಹಂತದಲ್ಲಿ ಸಸ್ಟೇನ್ ಪೆಡಲ್ ಸಿಕ್ಕಿಸುವ ಜಾಗ ಇದೆಯಾ, ಫೋನಿಗೆ ಕನೆಕ್ಟ್ ಮಾಡಲು ಯುಎಸ್‌ಬಿ ಇದೆಯಾ ನೋಡಿ. ಪಾಲಿಫನಿ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ: 32, 48, 64 ಹೀಗೆ. ಒಂದೇ ಹೊತ್ತಿಗೆ ಎಷ್ಟು ಸ್ವರ ಸದ್ದು ಮಾಡಬಲ್ಲವು ಅನ್ನುವ ಲೆಕ್ಕ ಅದು. ರಿದಮ್ ಓಡುತ್ತಿರುವಾಗ ಪೆಡಲ್ ತುಳಿದು ನುಡಿಸಿದರೆ 32 ಬೇಗ ತುಂಬಿಹೋಗಿ ಹಿಂದಿನ ಸ್ವರಗಳು ಕತ್ತರಿಸಿದ ಹಾಗೆ ನಿಲ್ಲುತ್ತವೆ. 48 ಆದರೆ ಪರವಾಗಿಲ್ಲ, 64 ಆದರೆ ಚಿಂತೆಯಿಲ್ಲ.

ಸ್ಟೇಜ್ ಹತ್ತುವವರಿಗೆ, ಸಾಲ ಮಾಡುವ ಮುಂಚೆ

ಊರಹಬ್ಬದ ರಸಮಂಜರಿ, ಕರಗದ ರಾತ್ರಿಯ ಆರ್ಕೆಸ್ಟ್ರಾ, ರಿಸೆಪ್ಷನ್. ಇಲ್ಲಿಗೆ ಬರುವವರ ಕೈಯಲ್ಲಿ ರೋಲ್ಯಾಂಡ್ ಎಕ್ಸ್‌ಪಿಎಸ್-10, ಕೋರ್ಗ್ ಪಿಎ ಸರಣಿಯ ಪೆಟ್ಟಿಗೆಗಳನ್ನು ನೋಡಿರುತ್ತೀರಿ. ಎಕ್ಸ್‌ಪಿಎಸ್-10 ಹಗುರ, ಭಾರತೀಯ ದನಿಗಳಿವೆ, ಸ್ಪೀಕರ್ ಇಲ್ಲ, ಮೈಕ್ ಸೆಟ್‌ನವರ ಮಿಕ್ಸರ್‌ಗೆ ಹೋಗಬೇಕು. ಕೋರ್ಗ್ ಪಿಎ ಸರಣಿಯಲ್ಲಿ ತಾಳ, ಬೇಸು ಎಲ್ಲ ಇರುವುದರಿಂದ ಒಬ್ಬನೇ ಇಡೀ ಬ್ಯಾಂಡ್ ಆಗಬಹುದು. ಹೊಸದಕ್ಕೆ ಮಾಡೆಲ್ ನೋಡಿಕೊಂಡು ಲಕ್ಷದ ಆಚೆಗೂ ಹೋಗುತ್ತದೆ.

ಆ ಲಕ್ಷವನ್ನು ಸಾಲ ಮಾಡಿ ತರಬೇಡಿ ಅಂತ ನಾವು ಕಡಾಖಂಡಿತ ಹೇಳುತ್ತೇವೆ. ಕಾರಣ ಇದೆ. ಈಗ ಹಾಡುವವರು ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿಕೊಂಡು ಬರುತ್ತಾರೆ. ಐದು ಜನ ಬಾರಿಸುವ ಜಾಗದಲ್ಲಿ ಒಂದು ಲ್ಯಾಪ್‌ಟಾಪ್. ಕೀಬೋರ್ಡ್ ನುಡಿಸುವವರಿಗೆ ಸೀಸನ್ನಿನಲ್ಲಿ ಸಿಗುವ ಪ್ರೋಗ್ರಾಂ ಕಡಿಮೆಯಾಗಿದೆ, ಆಷಾಢದಲ್ಲಂತೂ ಕೇಳುವವರಿಲ್ಲ. ಕಂತು ಮಾತ್ರ ಆಷಾಢಕ್ಕೂ ಬರುತ್ತದೆ. ಸ್ಟೇಜಿನ ಪೆಟ್ಟಿಗೆಯನ್ನು ಮೊದಲು ಬಾಡಿಗೆಗೆ ತನ್ನಿ. ಬಾಡಿಗೆ ಅಂದರೆ ಅವಮಾನ ಅಲ್ಲ. ಎ.ಆರ್. ರೆಹಮಾನ್ ಅವರ ತಂದೆ ಆರ್.ಕೆ. ಶೇಖರ್ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ತಂದೆ ಬಿಟ್ಟುಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಆ ಮನೆ ನಡೆಯಿತು. ಮುಂದೆ ಆ ಹುಡುಗ ಇಳಯರಾಜ ಅವರ ತಂಡದಲ್ಲಿ ಕೀಬೋರ್ಡ್ ನುಡಿಸಿದ, 1992ಕ್ಕೆ ‘ರೋಜಾ’ ಬಂತು. ಬಾಡಿಗೆ ತಂದು ನುಡಿಸಿದವರೂ ಕೊಟ್ಟವರೂ ಇಬ್ಬರೂ ಅದರಿಂದಲೇ ಬದುಕಿದರು. ಹತ್ತು ಪ್ರೋಗ್ರಾಂ ಬಾಡಿಗೆಯಲ್ಲಿ ಮುಗಿಸಿ, ಹನ್ನೊಂದನೆಯದಕ್ಕೂ ಜನ ನಿಮ್ಮನ್ನೇ ಕರೆದರೆ, ಆಗ ಸ್ವಂತದ್ದರ ಮಾತು.

ಶುದ್ಧ ಸಿಂಥಸೈಜರ್ ಬಗ್ಗೆ ಕೇಳುವ ಹುಡುಗರೂ ಇದ್ದಾರೆ, ‘ಕೆಜಿಎಫ್’ ಸಿನಿಮಾದಲ್ಲಿ ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತ ಕೇಳಿದ ಮೇಲೆ ಅಂಥವರ ಸಂಖ್ಯೆ ಜಾಸ್ತಿಯೇ ಆಗಿದೆ. ಆ ಗುಡುಗನ್ನು ಮಾಡಲು ದುಬಾರಿ ಪೆಟ್ಟಿಗೆ ಬೇಕಿಲ್ಲ. ಮನೆಯಲ್ಲಿರುವ ಯುಎಸ್‌ಬಿ ಕೀಬೋರ್ಡನ್ನು ಒಟಿಜಿ ಕೇಬಲ್ಲಿನಲ್ಲಿ ಫೋನಿಗೋ, ಹಳೇ ಲ್ಯಾಪ್‌ಟಾಪಿಗೋ ಸಿಕ್ಕಿಸಿ. ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳಲ್ಲೇ ದನಿ ತಿದ್ದುವುದನ್ನು ಕಲಿಯಬಹುದು. ಫೋನಿನಲ್ಲಿ ಕೀ ಒತ್ತಿದ ಮೇಲೆ ಸ್ವಲ್ಪ ತಡವಾಗಿ ಸದ್ದು ಬರುತ್ತದೆ, ಅದಕ್ಕೆ ಲ್ಯಾಪ್‌ಟಾಪ್ ವಾಸಿ.

ಧೂಳು, ಕರೆಂಟು, ಸೆಕೆಂಡ್ ಹ್ಯಾಂಡ್

ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಇಲ್ಲದ ಒಂದು ಮಾತನ್ನು ಹೇಳಬೇಕು. ಬೇಸಿಗೆ ಗಾಳಿ ಎದ್ದರೆ ಸೈನೈಡ್ ದಿಬ್ಬಗಳ ಬಿಳಿ ಧೂಳು ಕೆಜಿಎಫ್ ಮನೆಗಳ ತಟ್ಟೆ ಲೋಟದ ಮೇಲೂ ಕೂರುತ್ತದೆ. ಕೀಬೋರ್ಡಿನ ಪ್ರತಿ ಕೀ ಕೆಳಗೆ ಒಂದು ರಬ್ಬರ್ ಗುಬುಟು, ಅದರ ತಳದಲ್ಲಿ ಕಾರ್ಬನ್ ಚುಕ್ಕೆ ಇರುತ್ತದೆ. ಒತ್ತಿದಾಗ ಆ ಚುಕ್ಕೆ ಕೆಳಗಿನ ಬೋರ್ಡಿಗೆ ತಾಗಿ ಸದ್ದು ಹೊರಡುತ್ತದೆ. ನಡುವೆ ಧೂಳು ಕೂತರೆ ಕೀ ಸತ್ತ ಹಾಗೆ, ಇಲ್ಲವೇ ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ಇದು ಕೆಟ್ಟುಹೋದದ್ದಲ್ಲ, ಬಿಚ್ಚಿ ಒರೆಸಿದರೆ ಸರಿಹೋಗುತ್ತದೆ, ಗೊತ್ತಿರುವವರ ಕೈಲಿ ಮಾಡಿಸಿ. ನುಡಿಸಿದ ಮೇಲೆ ಹಳೇ ಪಂಚೆ ಮಡಿಸಿ ಹೊದಿಸಿದರೆ ಅರ್ಧ ಕಾಯಿಲೆ ದೂರ.

ಕರೆಂಟ್ ಹೋಗುವ ಹಳ್ಳಿಯವರು ಬ್ಯಾಟರಿಯಲ್ಲಿ ಓಡುತ್ತದಾ ಅಂತ ಕೇಳಿಯೇ ಕೊಳ್ಳಿ. ಮೇಲೆ ಹೇಳಿದ ಚಿಕ್ಕ ಮಾಡೆಲ್‌ಗಳು ಆರು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. ಅಡಾಪ್ಟರ್ ಕಳೆದುಹೋದರೆ ಸೆಟ್‌ಟಾಪ್ ಬಾಕ್ಸಿನದ್ದು ಸಿಕ್ಕಿಸಿ ನೋಡುವ ಚಾಳಿ ನಮ್ಮಲ್ಲಿದೆ. ಪಿನ್ ಸರಿಹೋಯಿತು ಅಂದ ಮಾತ್ರಕ್ಕೆ ವೋಲ್ಟ್ ಸರಿಹೋಗುವುದಿಲ್ಲ. ಪ್ಲಸ್ ಮೈನಸ್ ಕೂಡ ಒಂದೊಂದು ಕಂಪನಿಯದು ತಿರುಗುಮುರುಗು ಇರಬಹುದು. ಕೀಬೋರ್ಡಿನ ಬೆನ್ನ ಮೇಲೆ ಬರೆದಿರುವುದನ್ನು ಅಡಾಪ್ಟರ್ ಮೇಲೆ ಬರೆದಿರುವುದರ ಜೊತೆ ತಾಳೆ ನೋಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಮಾರುವವರು ಒಂದು ಹಾಡು ನುಡಿಸಿ ತೋರಿಸುತ್ತಾರೆ. ಅದು ಸಾಲದು. ಎಡತುದಿಯಿಂದ ಬಲತುದಿಗೆ 61 ಕೀಗಳನ್ನೂ, ಬಿಳಿ ಕಪ್ಪು ಎರಡನ್ನೂ, ಒಂದೇ ಒತ್ತಿನಲ್ಲಿ ಒಂದೊಂದಾಗಿ ಒತ್ತಿ. ಬ್ಯಾಟರಿ ಡಬ್ಬಿ ತೆಗೆದು ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಅಡಾಪ್ಟರ್ ಪಿನ್ನನ್ನು ಸ್ವಲ್ಪ ಅಲ್ಲಾಡಿಸಿ, ಪೆಟ್ಟಿಗೆ ಆಫ್ ಆದರೆ ರಿಪೇರಿ ಖರ್ಚು ಕಳೆದು ರೇಟು ಕೇಳಿ. ಚಕ್ರ ಇದ್ದರೆ ತಿರುಗಿಸಿ ಬಿಟ್ಟಾಗ ಸ್ವರ ತನ್ನ ಜಾಗಕ್ಕೆ ವಾಪಸ್ ಬರಬೇಕು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಹತ್ತು ನಿಮಿಷ ಕೊಡಲು ಗೊಣಗುವವರ ಹತ್ತಿರ ಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದರೂ, ಹನ್ನೆರಡು ಹದಿನೈದು ಸಾವಿರ ಅಂದರೆ ಎರಡು ಹಸು ಇರುವ ಮನೆಗೆ ಸಣ್ಣ ಮೊತ್ತವಲ್ಲ. ಕೂಲಿ ಮನೆಗಂತೂ ಕನಸು. ಆ ಮನೆಯ ಮಗುವಿಗೆ ಕಿವಿ ಇದೆಯಾ ಇಲ್ಲವಾ ಅನ್ನುವುದೇ ಯಾರಿಗೂ ತಿಳಿಯದೆ ಹೋಗುತ್ತದೆ. ಅದಕ್ಕೆ ಒಂದು ದಾರಿ ಇದೆ ಅಂತ ನಮಗನ್ನಿಸುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪುಸ್ತಕದ ಜೊತೆ ಕಂಪ್ಯೂಟರ್ ಇಟ್ಟ ಕಡೆಗಳಿವೆ, ಕೇರಂ ಬೋರ್ಡು, ಚೆಸ್ಸು ಇಟ್ಟ ಕಡೆಗಳೂ ಇವೆ. ಅಲ್ಲಿ ಟಚ್ ಇರುವ 61 ಕೀಯ ಒಂದು ಕೀಬೋರ್ಡ್, ಎರಡು ಹೆಡ್‌ಫೋನ್, ಒಂದು ಮೇಜು ಯಾಕಿರಬಾರದು? ಹೆಡ್‌ಫೋನ್ ಹಾಕಿಕೊಂಡರೆ ಓದುವವರಿಗೆ ತೊಂದರೆಯಿಲ್ಲ. ಅರ್ಧ ಗಂಟೆಗೊಬ್ಬರಂತೆ ಸರದಿ ಹಾಕಿದರೆ ಸಂಜೆ ಮೂರು ಗಂಟೆಯಲ್ಲಿ ಆರು ಮಕ್ಕಳು. ವಾರಕ್ಕೊಮ್ಮೆ ಕೆಜಿಎಫ್‌ನಿಂದ ಒಬ್ಬ ಮೇಷ್ಟ್ರು ಬಂದು ಹೋದರೆ ಅವರಿಗೂ ಒಂದು ಸಂಪಾದನೆ. ಇದಕ್ಕೆ ಪಂಚಾಯಿತಿಯ ದುಡ್ಡೇ ಆಗಬೇಕಿಲ್ಲ, ಹಬ್ಬದ ಆರ್ಕೆಸ್ಟ್ರಾಗೆ ಒಂದು ರಾತ್ರಿಗೆ ಎತ್ತುವ ಚಂದಾದಲ್ಲಿ ಒಂದು ಪಾಲು ಸಾಕು.

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. ಅಡಾಪ್ಟರ್ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ಅವತ್ತೇ ತೀರ್ಮಾನ ಮಾಡಿ, ಮೊದಲು ಕಾಣೆಯಾಗುವುದು ಅದೇ.